ಸೈನಿಕ ಗೌರವ: ಹಾರ, ಶಾಲುಗಳಾಚೆ ಕಾರ್ಖಾನೆಯ ಹೊಣೆ



ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ದೇಶದಾದ್ಯಂತ ಆಚರಿಸಲಾಗುತ್ತಿರುವ ಈ ದಿನ ಕಬ್ಬು ನುರಿಸುವ ಹಂಗಾಮಿನ ನಡುವೆಯೇ ಬರುತ್ತದೆ. ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಚಿಕ್ಕ ಧ್ವಜವನ್ನು ಅಂಗಿಗೆ ಚುಚ್ಚಿಕೊಂಡು, ಡಬ್ಬಿಗೆ ಹತ್ತು ರೂಪಾಯಿ ಹಾಕಿ ಮರೆತುಬಿಡುವುದು ಸುಲಭ. ಆ ಹಣ ಎಲ್ಲಿಗೆ ಹೋಗುತ್ತದೆ, ನಮ್ಮಂಥ ಉದ್ಯಮ ಇದಕ್ಕಿಂತ ಹೆಚ್ಚಿಗೆ ಏನು ಮಾಡಬಹುದು ಎಂಬುದನ್ನು ತಮಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ನಾಡಿನ ಊರೂರಿನಲ್ಲೂ ವೀರಗಲ್ಲುಗಳಿವೆ. ಹಿಂದಿನವರು ಕಲ್ಲು ನೆಟ್ಟು ಸುಮ್ಮನಾಗುತ್ತಿರಲಿಲ್ಲ. ಮಡಿದವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಮಂಡ್ಯ ಜಿಲ್ಲೆಯ ಮದ್ದೂರಿನ ಬಳಿ (ನಮ್ಮ ಮದ್ದೂರಲ್ಲ, ಹೆಸರೊಂದೇ) ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ಶಾಸನವೊಂದು ದೊರೆತಿದೆ. ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ದೊರೆ ಬೂತುಗನು ಊರುಗಳನ್ನೇ ದತ್ತಿ ಕೊಟ್ಟ ಸಂಗತಿ ಅದರಲ್ಲಿದೆ. ಮಣಲೇರನ ನಾಯಿ ಕಾಳಿಯ ನೆನಪಿನ ಕಲ್ಲಿಗೂ ಭೂಮಿ ಬಿಡಲಾಗಿತ್ತು! ನಮ್ಮ ಕಾಲದಲ್ಲೂ ಇದೇ ಕ್ರಮ ಕಂಡುಬಂದಿದೆ. 2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ವೀರಮರಣವನ್ನಪ್ಪಿದ ಕರ್ನಲ್ ಸಂತೋಷ್ ಬಾಬು ನಮ್ಮ ತೆಲಂಗಾಣದ ಸೂರ್ಯಾಪೇಟೆಯವರು. ಅವರ ಪತ್ನಿಗೆ ರಾಜ್ಯ ಸರ್ಕಾರ ಅದೇ ವರ್ಷ ಡೆಪ್ಯುಟಿ ಕಲೆಕ್ಟರ್ ಹುದ್ದೆ ನೀಡಿತು. ಸೂರ್ಯಾಪೇಟೆಯಲ್ಲಿ ಪ್ರತಿಮೆ ಅನಾವರಣಗೊಂಡದ್ದು 2021ರಲ್ಲಿ. ಜೀವನಾಧಾರ ಮೊದಲು, ಪ್ರತಿಮೆ ಆಮೇಲೆ.

ಇನ್ನು ಉದ್ಯಮಗಳ ವಿಷಯ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜ ಕಾರ್ಯಕ್ಕೆ ವಿನಿಯೋಗಿಸಬೇಕು. ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಮಾಜಿ ಸೈನಿಕರು, ಯುದ್ಧ ವಿಧವೆಯರು ಮತ್ತು ಅವರ ಅವಲಂಬಿತರ ಹಿತದ ಕೆಲಸಗಳೂ ಸೇರಿವೆ. ನಮ್ಮದು ಕಂಪನಿಯಲ್ಲ, ಸಹಕಾರಿ ಸಂಘ. ಈ ನಿಯಮ ನಮಗೆ ಅನ್ವಯಿಸುವುದಿಲ್ಲ. ಎಂದರೆ, ಕಂಪನಿಯು ಕಾನೂನಿನ ಒತ್ತಾಯದಿಂದ ಮಾಡುವುದನ್ನು ನಾವು ಸರ್ವ ಸದಸ್ಯರ ಸಭೆಯಲ್ಲಿ ಠರಾವು ಮಾಡಿ, ಉಪವಿಧಿಗಳಿಗೆ ಒಳಪಟ್ಟು, ಸ್ವಂತ ಮನಸ್ಸಿನಿಂದ ಮಾಡಬೇಕಾಗುತ್ತದೆ. ಕಬ್ಬಿನ ಬಿಲ್ಲಿನಲ್ಲಿ ಕಡಿತ ಎಂದರೆ ತಮಗೆ ಹಿಡಿಸದೆಂಬುದು ಗೊತ್ತಿದೆ. ಆದ್ದರಿಂದ ಲೆಕ್ಕ ತಿಳಿದೇ ತೀರ್ಮಾನಿಸುವುದು ಒಳ್ಳೆಯದು.

ಧ್ವಜ ದಿನದ ನಿಧಿಯಿಂದ ಕೇಂದ್ರೀಯ ಸೈನಿಕ ಮಂಡಳಿಯು ಹವಾಲ್ದಾರ್ ದರ್ಜೆಯವರೆಗಿನ ಬಡ ಕುಟುಂಬಗಳಿಗೆ ನೆರವು ಕೊಡುತ್ತದೆ. 2025ರ ನವೆಂಬರ್ 1ರಿಂದ ಈ ಮೊತ್ತಗಳು ಇಮ್ಮಡಿಯಾಗಿವೆ. ಪಿಂಚಣಿಯಿಲ್ಲದ, 65 ವರ್ಷ ದಾಟಿದ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಯರಿಗೆ ತಿಂಗಳಿಗೆ 8,000 ರೂ.; ಇಬ್ಬರು ಮಕ್ಕಳವರೆಗೆ ವಿದ್ಯಾಭ್ಯಾಸಕ್ಕೆ ತಲಾ ತಿಂಗಳಿಗೆ 2,000 ರೂ.; ಇಬ್ಬರು ಹೆಣ್ಣುಮಕ್ಕಳವರೆಗೆ ಮದುವೆಗೆ ತಲಾ 1,00,000 ರೂ. ನಮ್ಮ ಗಡಿ ಊರುಗಳಲ್ಲಿ ತೊಡಕಿರುವುದು ಇಲ್ಲಿಯೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸೈನ್ಯದ ಕಾಗದಗಳೆಲ್ಲ ಇಂಗ್ಲಿಷು, ಹಿಂದಿ. ಗುರುಮಿಠಕಲ್ ಕಡೆಯ ನೆಂಟರು ಹೇಳಿದರೆಂದು ಕರ್ನಾಟಕದ ಕಚೇರಿಗೆ ಅಲೆದು ಫಲವಿಲ್ಲ. ನಮ್ಮವರು ಮಹಬೂಬನಗರದ ಸೈನಿಕ ಕಲ್ಯಾಣ ಕಚೇರಿಯನ್ನೇ ಕಾಣಬೇಕು. ಅರ್ಜಿ ಸಲ್ಲಿಸುವುದು ಗಣಕಯಂತ್ರದ ಮೂಲಕ. ಕಾರ್ಖಾನೆಯ ಗುಮಾಸ್ತರೊಬ್ಬರು ವಾರಕ್ಕೆ ಒಂದು ದಿನ ಇಂಥ ಅರ್ಜಿ ತುಂಬಿಕೊಟ್ಟರೆ ಅದರ ಬೆಲೆ ಹತ್ತು ಶಾಲುಗಳಿಗಿಂತ ಹೆಚ್ಚು.

ಮಾಜಿ ಸೈನಿಕರೆಂದ ಕೂಡಲೇ ನಮಗೆ ಗೇಟಿನ ಕಾವಲು ಮಾತ್ರ ನೆನಪಾಗುತ್ತದೆ. ಇದು ತಪ್ಪು ತಿಳಿವಳಿಕೆ. ಸೈನ್ಯದಲ್ಲಿ ಚಾಲಕರು, ಮೆಕ್ಯಾನಿಕ್‌ಗಳು, ಎಲೆಕ್ಟ್ರಿಷಿಯನ್ನರು ತಯಾರಾಗುತ್ತಾರೆ. ಖಾಲಿ ಜಾಗಗಳ ವಿವರವನ್ನು ಸೈನಿಕ ಕಲ್ಯಾಣ ಕಚೇರಿಗೆ ತಿಳಿಸಿದರೆ ಅರ್ಹರ ಹೆಸರು ಪಡೆಯಬಹುದು.

ಕಟಾವಿನ ಮಾತನ್ನೂ ಆಡಲೇಬೇಕು. ಮಗ ಲಡಾಖಿನಲ್ಲಿ, ಹೊಲದಲ್ಲಿ ಮುದಿ ತಂದೆ. ಫೀಲ್ಡ್‌ಮನ್ನರ ಹಿಂದೆ ಓಡಾಡಿ ಕಟಾವು ಚೀಟಿ ತರುವವರು ಆ ಮನೆಯಲ್ಲಿಲ್ಲ. ಹೀಗಾಗಿ ಬಲಿತ ಕಬ್ಬು ನಿಂತಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಇಂಥವರನ್ನು ಸರತಿ ಮುರಿದು ಮುಂದೆ ತಂದರೆ ಉಳಿದವರಿಗೆ ಅನ್ಯಾಯವಲ್ಲವೇ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಮುಂದೆ ತರುವುದು ಬೇಡ. ನಾಟಿಯ ತಾರೀಖಿನಂತೆ ಬರಬೇಕಾದ ಸರತಿಯಿಂದ ಹಿಂದೆ ತಳ್ಳದಿದ್ದರೆ ಸಾಕು. ಹಾಗೆಯೇ, ಸೈನ್ಯದಲ್ಲಿರುವ ಸದಸ್ಯರು ರಜೆಗೆ ಬಂದಾಗ ಷೇರಿನ ನಾಮಿನಿ ಹೆಸರು ಬರೆಸಿಕೊಳ್ಳಬೇಕು. ಆಗದ್ದು ಆದಾಗ ಷೇರು ವರ್ಗಾವಣೆಗಾಗಿ ಹೆಣ್ಣುಮಗಳೊಬ್ಬಳು ಕಚೇರಿ ಕಟ್ಟೆಯ ಮೇಲೆ ಕಾದು ಕೂರುವಂತಾಗಬಾರದು.

ಕಾರ್ಖಾನೆಯ ಆವರಣದಲ್ಲಿ ಸ್ಮಾರಕದ ಕಲ್ಲು ಬೇಕೆನ್ನುವವರೂ ಇದ್ದಾರೆ. ಆಗಲಿ, ಆದರೆ ಹೆಸರು, ಊರು, ತಾರೀಖನ್ನು ಮನೆಯವರಿಂದಲೇ ಖಚಿತಪಡಿಸಿಕೊಂಡ ಮೇಲೆ ಕೆತ್ತಿಸಬೇಕು. ಮದ್ದೂರು, ಮಕ್ತಲ್, ನಾರಾಯಣಪೇಟೆ ಕಡೆಯ ಸದಸ್ಯರು ತಮ್ಮ ಊರಿನ ಹಾಲಿ ಹಾಗೂ ಮಾಜಿ ಸೈನಿಕರ ಮತ್ತು ಮಡಿದವರ ಕುಟುಂಬಗಳ ವಿವರವನ್ನು, ಆಯಾ ಮನೆಯವರ ಒಪ್ಪಿಗೆ ಪಡೆದು, ಕಬ್ಬು ವಿಭಾಗದ ಕಚೇರಿಯಲ್ಲಿ ಬರೆಸಬೇಕಾಗಿ ಕೋರಲಾಗಿದೆ.