ಅಂಗೈ ತಾಳುವಷ್ಟು ಬಿಸಿ

ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ಅವರ ಅಣ್ಣ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೊಂದೇ ಭಾಗ ಕೊಂಡು ಪಿಸಿ ಕಟ್ಟಿಸಿದ್ದಾರಂತೆ. ಅದರ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4090. ಅದೊಂದೇ 450 ವಾಟ್ ವಿದ್ಯುತ್ ಎಳೆಯುತ್ತದೆ. ಆ ಪಿಸಿಯಲ್ಲಿ ಆಡುವ ಆಟವೇ ಕೈಯಲ್ಲಿ ಹಿಡಿಯುವ ಸ್ಟೀಮ್ ಡೆಕ್‌ನಲ್ಲಿ ಬರೀ 15 ವಾಟ್‌ಗೆ ಓಡುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ಅದನ್ನು ಕೊಂಡರೆ ಆಟಗಳನ್ನೆಲ್ಲ ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕೇ ಎಂಬುದು ಎರಡನೆಯದು.

ಮೊದಲನೆಯದು ಬಹಳ ಒಳ್ಳೆಯ ಪ್ರಶ್ನೆ. 450ಕ್ಕೂ 15ಕ್ಕೂ ಮೂವತ್ತು ಪಟ್ಟು ಅಂತರ. ಚಿಕ್ಕ ಚಿಪ್ ಮಿತವ್ಯಯಿ, ದೊಡ್ಡದು ದುಂದುಗಾರ ಎಂದು ಉತ್ತರ ಕೊಡಬೇಕೆನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ವಿಷಯ ತಿರುವುಮುರುವು. ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಮಾಂಶ ಲೆಕ್ಕ ಮಾಡಿದರೆ ಅದು ಒಂದು ಟೆರಾಫ್ಲಾಪ್. 4090ರ ಗರಿಷ್ಠ ಸಾಮರ್ಥ್ಯ ಸುಮಾರು 83 ಟೆರಾಫ್ಲಾಪ್, ಡೆಕ್‌ನದು 1.6. ಪ್ರತಿ ವಾಟ್‌ಗೆ ಎಷ್ಟು ಎಂದು ಭಾಗಿಸಿದರೆ ದೊಡ್ಡ ಕಾರ್ಡಿಗೆ 0.18, ಡೆಕ್‌ಗೆ 0.11. ತಿಂದ ವಿದ್ಯುತ್ತಿಗೆ ಹೆಚ್ಚು ದುಡಿಯುತ್ತಿರುವುದು ದೊಡ್ಡದೇ. ಹಾಗಾದರೆ ಡೆಕ್‌ನ ಗುಟ್ಟು ಮಿತವ್ಯಯವಲ್ಲ. ಅದು ಒಪ್ಪಿಕೊಂಡ ಕೆಲಸವೇ ಕಡಿಮೆ.

ದಾವಣಗೆರೆಯವರಿಗೆ ಭದ್ರಾ ನಾಲೆಯ ಬತ್ತದ ಗದ್ದೆ ಹೊಸದಲ್ಲ, ಆದ್ದರಿಂದ ನಾಟಿಯ ಲೆಕ್ಕದಲ್ಲೇ ಹೇಳುತ್ತೇನೆ. ಪರದೆ ಒಂದು ಗದ್ದೆ, ಒಂದೊಂದು ಪಿಕ್ಸೆಲ್ಲೂ ಒಂದೊಂದು ಸಸಿ. ಒಂದು ಸಸಿ ನೆಡಲು ಪಕ್ಕದ ಸಸಿಗಾಗಿ ಕಾಯಬೇಕಿಲ್ಲ. ಅದಕ್ಕೇ ಗ್ರಾಫಿಕ್ಸ್ ಚಿಪ್‌ನಲ್ಲಿ ಸಾಲಾಗಿ ನಿಂತ ನೂರಾರು, ಸಾವಿರಾರು ಆಳುಗಳು ಒಟ್ಟಿಗೇ ಬಗ್ಗಿ ನೆಡುತ್ತಾರೆ. ಅಣ್ಣನ 4ಕೆ ಪರದೆಯ ಗದ್ದೆಯಲ್ಲಿ 2160 ಸಾಲು, ಸಾಲಿಗೆ 3840 ಸಸಿ, ಒಟ್ಟು 82.94 ಲಕ್ಷ. ಡೆಕ್‌ನ ಏಳಿಂಚಿನ ಗದ್ದೆಯಲ್ಲಿ 1280ಕ್ಕೆ 800, ಅಂದರೆ 10.24 ಲಕ್ಷ. ಇಲ್ಲೇ ಕೆಲಸ ಎಂಟು ಪಟ್ಟು ಇಳಿಯಿತು. ಅಣ್ಣನ ಗದ್ದೆಯನ್ನು ಸೆಕೆಂಡಿಗೆ 120 ಸಲ ಹೊಸದಾಗಿ ನೆಟ್ಟರೆ ಡೆಕ್‌ನದನ್ನು 40 ಸಲ ನೆಟ್ಟರೆ ಸಾಕು. ಮತ್ತೆ ಮೂರು ಪಟ್ಟು ಇಳಿಯಿತು. ಎಂಟನ್ನೂ ಮೂರನ್ನೂ ಗುಣಿಸಿದರೆ ಇಪ್ಪತ್ತನಾಲ್ಕು. ನೆರಳು, ನೀರಿನ ಮೇಲಿನ ಪ್ರತಿಬಿಂಬ, ದೂರದ ಮರದ ಎಲೆಗಳನ್ನು ಒಂದು ದರ್ಜೆ ಒರಟಾಗಿ ಬಿಡಿಸಿದರೆ ಇನ್ನೊಂದೆರಡು ಪಟ್ಟು ಉಳಿಯುತ್ತದೆ. 83ಕ್ಕೂ 1.6ಕ್ಕೂ ಇದ್ದ ಐವತ್ತು ಪಟ್ಟು ಅಂತರ ಹೆಚ್ಚುಕಡಿಮೆ ಸರಿಹೋಯಿತು.

ಹಾಗಿದ್ದರೆ ಆಳುಗಳನ್ನು ಬೇಗಬೇಗ ನೆಡಿಸಬಾರದೇಕೆ? ಇಲ್ಲೇ ಭೌತಶಾಸ್ತ್ರ ಅಡ್ಡ ಬರುವುದು. ಟ್ರಾನ್ಸಿಸ್ಟರ್ ತಿನ್ನುವ ವಿದ್ಯುತ್ತು ಗಡಿಯಾರದ ವೇಗದಷ್ಟೇ ಏರಿದರೆ ತೊಂದರೆಯಿರಲಿಲ್ಲ. ಆದರೆ ವೇಗ ಏರಿಸಲು ವೋಲ್ಟೇಜನ್ನೂ ಏರಿಸಬೇಕು, ವಿದ್ಯುತ್ ಖರ್ಚು ಆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉದಾಹರಣೆಗೆ, ವೇಗ ಶೇ 30 ಏರಿಸಲು ವೋಲ್ಟೇಜನ್ನು ಶೇ 20 ಏರಿಸಬೇಕಾಯಿತು ಎನ್ನಿ. 1.2ರ ವರ್ಗ 1.44, ಅದನ್ನು 1.3ರಿಂದ ಗುಣಿಸಿದರೆ 1.87. ಮೂವತ್ತು ಸಸಿ ಹೆಚ್ಚು ನೆಟ್ಟಿದ್ದಕ್ಕೆ ಎಂಬತ್ತೇಳರಷ್ಟು ಹೆಚ್ಚು ಕೂಲಿ. ಓಡೋಡಿ ನೆಡುವ ಹತ್ತು ಜನರಿಗಿಂತ ನಿಧಾನಕ್ಕೆ ನೆಡುವ ಇಪ್ಪತ್ತು ಜನರೇ ಅಗ್ಗ. ಡೆಕ್‌ನ ಗ್ರಾಫಿಕ್ಸ್ ಭಾಗ 1.6 ಗಿಗಾಹರ್ಟ್ಸ್ ದಾಟುವುದಿಲ್ಲ, 4090 ಎರಡೂವರೆ ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ.

ಇನ್ನೊಂದು ಮಾತನ್ನು ಜಾಹೀರಾತುಗಳು ಹೇಳುವುದೇ ಇಲ್ಲ. ಆಳು ಎಷ್ಟೇ ಇರಲಿ, ಸಸಿಮಡಿಯಿಂದ ಕಟ್ಟು ಹೊತ್ತು ತರುವವರು ಸಾಲದಿದ್ದರೆ ಎಲ್ಲರೂ ಬದುವಿನ ಮೇಲೆ ಕೂತು ಕಾಯಬೇಕು. ಹಾಗೆ ಹೊತ್ತು ತರುವ ಕೆಲಸ ಮೆಮೊರಿಯದು. ಮೊದಲ ಡೆಕ್‌ನಲ್ಲಿ ಸೆಕೆಂಡಿಗೆ 88 ಗಿಗಾಬೈಟ್ ದತ್ತಾಂಶ ಹರಿಯುತ್ತದೆ, 4090ರಲ್ಲಿ ಸಾವಿರದ ಮೇಲೆ. 2023ರಲ್ಲಿ ಬಂದ ಆಸುಸ್ ಕಂಪನಿಯ ಆರ್‌ಒಜಿ ಆಲೈ ಎಂಬ ಕೈಸಾಧನಕ್ಕೆ 8.6 ಟೆರಾಫ್ಲಾಪ್ ಎಂದು ಸಾರಲಾಯಿತು. ಡೆಕ್‌ಗಿಂತ ಐದು ಪಟ್ಟು! ಆ ಚಿಪ್‌ನ ಪ್ರತಿ ಆಳಿಗೂ ಒಮ್ಮೆಗೆ ಎರಡು ಲೆಕ್ಕ ಮಾಡುವ ಕೈ ಇದೆ ಎಂಬುದು ನಿಜ, ಆದರೆ ಎರಡೂ ಕೈಗೆ ಒಟ್ಟಿಗೇ ಕೆಲಸ ಸಿಗುವ ಸಂದರ್ಭ ಆಟಗಳಲ್ಲಿ ಕಡಿಮೆ. ಕಟ್ಟು ತರುವ ವೇಗವಂತೂ 102 ಗಿಗಾಬೈಟ್, ಡೆಕ್‌ಗಿಂತ ಬರೀ ಶೇ 16 ಹೆಚ್ಚು. ಐದು ಪಟ್ಟು ವೇಗವನ್ನು ಯಾವ ಆಟದಲ್ಲೂ ಯಾರೂ ಕಾಣಲಿಲ್ಲ. ಎರಡನ್ನೂ 15 ವಾಟ್‌ಗೆ ಕಟ್ಟಿಹಾಕಿ ಹೋಲಿಸಿದಾಗ ಅಂತರ ಇನ್ನೂ ಸಣ್ಣದಾಯಿತು. ಟೆರಾಫ್ಲಾಪ್ ಸಂಖ್ಯೆಯನ್ನು ನೋಡಿ ಕೈಸಾಧನ ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಶ್ರೀ ಪದ್ಧತಿಯಲ್ಲಿ ಬತ್ತ ಬೆಳೆದವರು ಮುಂದಿನ ತಂತ್ರವನ್ನು ಕೂಡಲೇ ಹಿಡಿಯುತ್ತಾರೆ. ಸಸಿಗಳನ್ನು ದೂರದೂರ ನೆಟ್ಟು, ತೆಂಡೆಯೊಡೆದು ಗದ್ದೆ ತುಂಬಲು ಬಿಡುವುದು. ಎಎಂಡಿ 2021ರಲ್ಲಿ ತಂದ ಎಫ್‌ಎಸ್‌ಆರ್, ಎನ್ವಿಡಿಯಾ 2018ರಲ್ಲಿ ತಂದ ಡಿಎಲ್‌ಎಸ್‌ಎಸ್ ಮಾಡುವುದು ಇದನ್ನೇ. ಉದಾಹರಣೆಗೆ, ಚಿತ್ರವನ್ನು 960ಕ್ಕೆ 600ರಲ್ಲಿ ಬಿಡಿಸಿ, ನಡುವಿನ ಪಿಕ್ಸೆಲ್‌ಗಳನ್ನು ಊಹಿಸಿ ತುಂಬುತ್ತವೆ. ನೆಟ್ಟದ್ದು 5.76 ಲಕ್ಷ, ಕಾಣುವುದು 10.24 ಲಕ್ಷ. ಏಳಿಂಚಿನ ಪರದೆಯಲ್ಲಿ ಇದು ಸೊಗಸಾದ ಉಪಾಯ, ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಎರಡು ಫ್ರೇಮ್‌ಗಳ ನಡುವೆ ಇಡೀ ಫ್ರೇಮನ್ನೇ ಊಹಿಸಿ ಸೇರಿಸುವ ಹೊಸ ತಂತ್ರವನ್ನು ಅದೇ ತಕ್ಕಡಿಯಲ್ಲಿ ತೂಗುವುದನ್ನು ಒಪ್ಪಲಾರೆ. 2025ರ ಜನವರಿಯಲ್ಲಿ ಎನ್ವಿಡಿಯಾ ತನ್ನ 5070 ಕಾರ್ಡಿನಲ್ಲಿ 4090ರ ಸಾಮರ್ಥ್ಯ ಇದೆ ಎಂದು ಘೋಷಿಸಿದ್ದು ಇಂಥ ಊಹೆಯ ಫ್ರೇಮ್‌ಗಳನ್ನೂ ಎಣಿಸಿ. ನೀವು ಬಟನ್ ಒತ್ತಿದ್ದನ್ನು ಊಹೆಯ ಫ್ರೇಮ್ ಅರಿಯದು. ಚಿತ್ರ ನಯವಾಗುತ್ತದೆ, ಬಟನ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಏರುವುದಿಲ್ಲ.

ಮೇಲೆ 40 ಫ್ರೇಮ್ ಎಂದೆ. ಅದು ಬಾಯಿಗೆ ಬಂದ ಸಂಖ್ಯೆಯಲ್ಲ. 30ಕ್ಕೂ 60ಕ್ಕೂ ನಡುವೆ ಇರುವುದು 45 ಎಂದುಕೊಳ್ಳುತ್ತೇವೆ. ಕಣ್ಣಿಗೂ ಕೈಗೂ ತಾಗುವುದು ಎರಡು ಫ್ರೇಮ್‌ಗಳ ನಡುವಿನ ಸಮಯ. 30 ಫ್ರೇಮ್ ಇದ್ದಾಗ ಅದು 33.3 ಮಿಲಿಸೆಕೆಂಡ್, 60 ಇದ್ದಾಗ 16.7. ಇವೆರಡರ ಸರಿಮಧ್ಯ 25 ಮಿಲಿಸೆಕೆಂಡ್, ಅದೇ 40 ಫ್ರೇಮ್. ಮೂವತ್ತರ ಮೇಲೆ ಹತ್ತೇ ಫ್ರೇಮ್ ಸೇರಿಸಿದರೆ ಅರವತ್ತರ ಅರ್ಧ ಸುಖ ಸಿಗುತ್ತದೆ. ಮೊದಲ ಡೆಕ್‌ನ ಸೆಟ್ಟಿಂಗ್‌ನಲ್ಲಿ ಪರದೆಯನ್ನೂ 40 ಹರ್ಟ್ಸ್‌ಗೆ ಇಳಿಸಬಹುದು. ಇಷ್ಟು ಸರಳ ಭಾಗಾಕಾರದಿಂದ ಇಷ್ಟು ಲಾಭ ಸಿಗುವುದು ಅಪರೂಪ.

ವಿದ್ಯುತ್ತಿನ ಈ ಕಟ್ಟುಪಾಡು ಹಿಂದೆ ಇಷ್ಟು ಬಿಗಿಯಾಗಿರಲಿಲ್ಲ. ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಒಂದು ಸೂತ್ರ ತೋರಿಸಿಕೊಟ್ಟಿದ್ದರು. ಟ್ರಾನ್ಸಿಸ್ಟರನ್ನು ಕಿರಿದಾಗಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ, ಅದೇ ಅಳತೆಯ ಚಿಪ್‌ನಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಬಿಸಿ ಏರುವುದಿಲ್ಲ. ಮೂರು ದಶಕ ಇಡೀ ಉದ್ಯಮ ಈ ಸೂತ್ರದ ಮೇಲೆ ನಡೆಯಿತು. 2005ರ ಸುಮಾರಿಗೆ ವೋಲ್ಟೇಜ್ ಇನ್ನು ಇಳಿಯಲಾರದು ಎಂಬ ಹಂತ ಬಂತು. ಇಳಿಸಿದರೆ ಆರಿಸಿದ ಟ್ರಾನ್ಸಿಸ್ಟರ್‌ನಿಂದಲೂ ವಿದ್ಯುತ್ ಸೋರತೊಡಗುತ್ತದೆ. ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ 4 ಕೈಬಿಟ್ಟಿದ್ದು 2004ರಲ್ಲಿ. ಅಂದಿನಿಂದ ಮೇಜಿನ ಮೇಲಿನ ಪಿಸಿಗೆ ದೊಡ್ಡ ಫ್ಯಾನು, ದೊಡ್ಡ ಪವರ್ ಸಪ್ಲೈ ಸಿಕ್ಕವು. ಕೈಯಲ್ಲಿ ಹಿಡಿಯುವುದಕ್ಕೆ ಆ ದಾರಿ ಇಲ್ಲ.

ಇದನ್ನು ಎಲ್ಲರಿಗಿಂತ ಮೊದಲೇ ಅರಿತಿದ್ದವರು ನಿಂಟೆಂಡೊದ ಗುನ್‌ಪೇ ಯೊಕೊಯಿ. ಬುಲೆಟ್ ರೈಲಿನಲ್ಲಿ ಯಾರೋ ಪ್ರಯಾಣಿಕರು ಹೊತ್ತು ಕಳೆಯಲು ಕ್ಯಾಲ್ಕುಲೇಟರ್ ಗುಂಡಿ ಒತ್ತುತ್ತಿದ್ದುದನ್ನು ಕಂಡು ಅವರಿಗೆ ಜೇಬಿನ ಆಟಿಕೆಯ ಯೋಚನೆ ಹೊಳೆಯಿತಂತೆ. 1980ರ ಗೇಮ್ ಅಂಡ್ ವಾಚ್ ಹುಟ್ಟಿದ್ದು ಹಾಗೆ, ಆ ಹೊತ್ತಿಗೆ ತೀರ ಅಗ್ಗವಾಗಿದ್ದ ಕ್ಯಾಲ್ಕುಲೇಟರಿನ ಎಲ್‌ಸಿಡಿ ಬಳಸಿ. ಹಳತಾಗಿ, ಬೆಲೆ ಇಳಿದು, ಗುಣದೋಷಗಳೆಲ್ಲ ತಿಳಿದುಹೋದ ತಂತ್ರವನ್ನು ಯಾರೂ ಯೋಚಿಸದ ಕಡೆ ಬಳಸಬೇಕು ಎಂಬುದು ಅವರ ನಂಬಿಕೆ. 1989ರಲ್ಲಿ ಅವರ ತಂಡ ಗೇಮ್ ಬಾಯ್ ತಂದಿತು. 160ಕ್ಕೆ 144 ಪಿಕ್ಸೆಲ್, ಬಣ್ಣವಿಲ್ಲ, ನಾಲ್ಕೇ ಛಾಯೆ, ಹಿಂಬದಿ ದೀಪವೂ ಇಲ್ಲ. ಮರುವರ್ಷ ಸೆಗಾ ತಂದ ಗೇಮ್ ಗಿಯರ್‌ನಲ್ಲಿ ಬಣ್ಣವೂ ಇತ್ತು, ದೀಪವೂ ಇತ್ತು. ಆರು ಪೆನ್ಸಿಲ್ ಸೆಲ್ ನುಂಗಿ ಮೂರರಿಂದ ಐದು ಗಂಟೆಗೆ ಅದು ಮಲಗುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆ ದಾಟಿ ಓಡುತ್ತಿತ್ತು. ಕೊನೆಗೆ ಗೇಮ್ ಗಿಯರ್ ಮಾರಾಟವಾದದ್ದು ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು. ಗೇಮ್ ಬಾಯ್ ತನ್ನ ಬಣ್ಣದ ಆವೃತ್ತಿಯೂ ಸೇರಿ ಸುಮಾರು 11.87 ಕೋಟಿ.

2022ರಲ್ಲಿ ವಾಲ್ವ್ ಕಂಪನಿ ಡೆಕ್ ತಂದಾಗ ಯೊಕೊಯಿ ಅವರ ಹಾದಿಯನ್ನೇ ಹಿಡಿಯಿತು ಎಂಬುದು ನನ್ನ ಎಣಿಕೆ. ಅದರ ಪ್ರೊಸೆಸರಿನ ವಿನ್ಯಾಸ ಎಎಂಡಿಯ 2019ರ ತಲೆಮಾರಿನದು, ಆಗಲೇ ಅದಕ್ಕಿಂತ ಹೊಸದು ಪೇಟೆಯಲ್ಲಿತ್ತು. ಪರದೆ 800 ಸಾಲಿನದು, ಅಂದಿನ ಸಾಧಾರಣ ಫೋನಿನದೂ ಅದಕ್ಕಿಂತ ಸೂಕ್ಷ್ಮ. ಬ್ಯಾಟರಿ 40 ವಾಟ್-ಅವರ್. ಚಿಪ್‌ಗೆ 15, ಪರದೆ, ಮೆಮೊರಿ, ವೈಫೈ, ಫ್ಯಾನ್‌ಗೆ ಇನ್ನೊಂದು ಒಂಬತ್ತು ಹತ್ತು ವಾಟ್ ಎಂದರೆ ನೂರು ನಿಮಿಷದಲ್ಲಿ ಖಾಲಿ. ಸಣ್ಣ ಆಟದಲ್ಲಿ ಒಟ್ಟು ಏಳೆಂಟು ವಾಟ್‌ಗೆ ಇಳಿಸಿದರೆ ಐದು ಗಂಟೆ ದಾಟುತ್ತದೆ.

ಬ್ಯಾಟರಿಯನ್ನಾದರೂ ದೊಡ್ಡದು ಮಾಡಬಹುದು. ಆಸುಸ್ 2024ರ ಆಲೈ ಎಕ್ಸ್‌ನಲ್ಲಿ ಅದನ್ನು 80ಕ್ಕೆ ಏರಿಸಿಯೂ ತೂಕ 678 ಗ್ರಾಂ ದಾಟದಂತೆ ನೋಡಿಕೊಂಡಿತು, ಮೆಚ್ಚಬೇಕು. ಬದಲಿಸಲಾಗದ ಮಿತಿ ನಮ್ಮ ಅಂಗೈಯದು. ಚರ್ಮದ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೊಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅದು ಬಾಗಿಲು ತೆರೆದು ಮಿದುಳಿಗೆ ನೋವಿನ ಸುದ್ದಿ ಕಳಿಸುತ್ತದೆ. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಇದನ್ನು ಪತ್ತೆಹಚ್ಚಿದ್ದು ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಹಿಡಿದುಕೊಂಡು. ಅದೇ ಬಾಗಿಲನ್ನು ಖಾರವೂ ತೆರೆಯುತ್ತದೆ, ಅದಕ್ಕೇ ಖಾರ ತಿಂದರೆ ಉರಿ. ಈ ಬಗೆಯ ಸಂಶೋಧನೆಗೆ 2021ರ ನೊಬೆಲ್ ಬಂತು. ಡೆಕ್ ಒಳಗಿನ ಚಿಪ್ 100 ಡಿಗ್ರಿವರೆಗೂ ಕಾಯಬಹುದು, ಹಿಡಿಕೆ ಮಾತ್ರ 43ನ್ನು ಮುಟ್ಟಬಾರದು. ಹೀಗಾಗಿ ಬಿಸಿಗಾಳಿಯನ್ನು ಮೇಲಂಚಿನಿಂದ, ಕೈಗಳಿಗೆ ದೂರವಾಗಿ ಹೊರಹಾಕುತ್ತಾರೆ.

2022ರ ಜುಲೈಯಲ್ಲಿ ಯುರೋಪ್ ಬಿಸಿಗಾಳಿಗೆ ಸಿಕ್ಕಿದಾಗ ವಾಲ್ವ್ ಒಂದು ಸೂಚನೆ ಹೊರಡಿಸಿತು. ಸುತ್ತಲಿನ ಉಷ್ಣತೆ 35 ಡಿಗ್ರಿಯೊಳಗಿದ್ದರೆ ಒಳ್ಳೆಯದು, ಚಿಪ್ 100 ಮುಟ್ಟಿದರೆ ವೇಗ ತಗ್ಗಿಸಿಕೊಳ್ಳುತ್ತದೆ, 105ಕ್ಕೆ ತಾನೇ ಆರುತ್ತದೆ ಎಂದು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ನಲವತ್ತು ದಾಟುವುದು ಮಾಮೂಲು. ಬಿಸಿ ಹೊರಹೋಗುವ ವೇಗ ಒಳಗಿನ ಹೊರಗಿನ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. 25 ಡಿಗ್ರಿಯ ಕೋಣೆಯಲ್ಲಿ ಆ ಅಂತರ 75, 40ರಲ್ಲಿ 60. ಅದೇ ಫ್ಯಾನು ಐದನೇ ಒಂದು ಭಾಗ ಕಡಿಮೆ ಬಿಸಿ ಹೊರಹಾಕುತ್ತದೆ. ಅಲ್ಲಿ ಬೇಸಿಗೆಯಲ್ಲಿ ಆಡುವವರು ಚಿಪ್‌ನ ಮಿತಿಯನ್ನು ತಾವೇ ಹತ್ತು ವಾಟ್‌ಗೆ ಇಳಿಸಿಕೊಳ್ಳುವುದು ಒಳ್ಳೆಯದು.

ಇನ್ನು ಎರಡನೆಯ ಪ್ರಶ್ನೆ. ಸ್ಟೀಮ್ ಅಂಗಡಿಯಲ್ಲಿ ಕೊಂಡ ಆಟಗಳನ್ನು ಮತ್ತೆ ಕೊಳ್ಳಬೇಕಿಲ್ಲ. ಡೆಕ್ ಓಡುವುದು ಲಿನಕ್ಸ್ ಮೇಲೆ, ಆಟಗಳು ವಿಂಡೋಸ್‌ಗಾಗಿ ಬರೆದವು. ನಡುವೆ ನಿಂತು ದುಭಾಷಿಯ ಕೆಲಸ ಮಾಡುವುದು ಪ್ರೋಟಾನ್. 1993ರಲ್ಲಿ ಶುರುವಾದ ವೈನ್ ಎಂಬ ಮುಕ್ತ ತಂತ್ರಾಂಶದ ಮೇಲೆ ಅದು ನಿಂತಿದೆ. ವೈನ್ ತನ್ನನ್ನು 1.0 ಎಂದು ಕರೆದುಕೊಳ್ಳಲು 15 ವರ್ಷ ತೆಗೆದುಕೊಂಡಿತು, ಪ್ರೋಟಾನ್ ಬಂದದ್ದು 2018ರಲ್ಲಿ. ಪ್ರೊಸೆಸರಿನ ಆದೇಶಗಳು ಎರಡೂ ಕಡೆ ಒಂದೇ ಆದ್ದರಿಂದ ಅವನ್ನು ಅನುವಾದಿಸಬೇಕಿಲ್ಲ. ವಿಂಡೋಸನ್ನು ಉದ್ದೇಶಿಸಿದ ಕೋರಿಕೆಗಳನ್ನಷ್ಟೇ ಲಿನಕ್ಸ್‌ಗೆ ಮುಟ್ಟಿಸಿದರೆ ಸಾಕು, ಅದಕ್ಕೇ ವೇಗ ಅಷ್ಟಾಗಿ ಕುಂದುವುದಿಲ್ಲ. ಎಲ್ಲ ಡೆಕ್‌ಗಳ ಚಿಪ್ಪೂ ಒಂದೇ ಬಗೆಯದಾದ್ದರಿಂದ, ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಮುಗಳನ್ನು ಅಂಗಡಿಯೇ ಮುಂಚಿತವಾಗಿ ಸಿದ್ಧಪಡಿಸಿ ಕಳಿಸುತ್ತದೆ. ಆಟದ ನಡುವೆ ತಡವರಿಕೆ ತಗ್ಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಇದಕ್ಕೆಲ್ಲ ತಳಹದಿಯಾದ ವೈನನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ಕಟ್ಟಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ತೊಡಕೂ ಇದೆ. ವ್ಯಾಲರಂಟ್‌ನ ಮೋಸತಡೆ ತಂತ್ರಾಂಶ ವಿಂಡೋಸ್‌ನ ಒಳಮನೆಯಲ್ಲೇ ಕೂರಬೇಕು, ಲಿನಕ್ಸ್‌ನಲ್ಲಿ ಅದು ಓಡದು. ಫೋರ್ಟ್‌ನೈಟ್ ಕೂಡ ಲಿನಕ್ಸ್‌ನಲ್ಲಿ ಓಡದು. ಇವೇ ನಿಮ್ಮ ಮುಖ್ಯ ಆಟಗಳಾದರೆ ವಿಂಡೋಸ್ ಇರುವ ಸಾಧನವೇ ಸರಿ. ಭಾರತದಲ್ಲಿ ಡೆಕ್ ಅಧಿಕೃತವಾಗಿ ಬಿಡುಗಡೆಯಾಗಲೂ ಇಲ್ಲ, ಇಲ್ಲಿ ಅಂಗಡಿಗಳಲ್ಲಿ ಕಾಣುವವು ಆಮದಿನ ಮಾಲು, ರಿಪೇರಿಗೆ ಬಂದಾಗ ಕಂಪನಿ ಕೇಳುವುದಿಲ್ಲ. ಆಲೈ ಇಲ್ಲಿ ವಾರಂಟಿಯೊಂದಿಗೆ ಸಿಗುತ್ತದೆ.

ಕೊಂಡದ್ದು ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನು ಮಾಡಿತು: ಡಿಜಿಟಲ್ ಸರಕು ಮಾರುವವರು ಕೊಡುತ್ತಿರುವುದು ಬರೀ ಪರವಾನಗಿ ಎಂದಾದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ಅದೇ ವರ್ಷ ಸ್ಟೀಮ್ ಕೂಡ ಹಣ ಕಟ್ಟುವ ಪುಟದಲ್ಲಿ ಆ ಸಾಲು ಸೇರಿಸಿತು. 2023ರ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯೂ ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿದಾಗ, ಬೇರೆಲ್ಲೂ ಬಿಡುಗಡೆಯಾಗದ ಎಷ್ಟೋ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿಯೇ ಮುಚ್ಚಿತು. ಪೋಲೆಂಡಿನ ಜಿಒಜಿ ಅಂಗಡಿಯಾದರೋ ಬೀಗವಿಲ್ಲದ ಇನ್‌ಸ್ಟಾಲರ್ ಫೈಲನ್ನೇ ಕೈಗೆ ಕೊಡುತ್ತದೆ, ಅದು ಪ್ರೋಟಾನ್ ಮೂಲಕ ಡೆಕ್‌ನಲ್ಲೂ ಓಡುತ್ತದೆ. ಒಂದೇ ಆಟ ಎರಡೂ ಕಡೆ ಇದ್ದರೆ ನಾನು ಅಲ್ಲಿ ಕೊಳ್ಳುತ್ತೇನೆ, ಇಳಿಸಿದ ಫೈಲನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತೇನೆ. ದಾವಣಗೆರೆಯ ಗೆಳೆಯರು ಹಣ ಕೊಡುವ ಮೊದಲು ತಮ್ಮ ಆಟಗಳ ಪಟ್ಟಿ ಹಿಡಿದು ಕೂರಲಿ. ಯಾವುದು ಎಲ್ಲಿ ಕೊಂಡದ್ದು, ಯಾವುದಕ್ಕೆ ಮೋಸತಡೆಯ ಅಡ್ಡಿಯಿದೆ, ಯಾವುದು ಹತ್ತು ವಾಟ್‌ನಲ್ಲಿ 40 ಫ್ರೇಮ್ ಕೊಡುತ್ತದೆ ಎಂದು ಒಂದೊಂದಾಗಿ ಗುರುತು ಹಾಕಿಕೊಳ್ಳಲಿ.