ಬೀಳುವುದನ್ನು ಕಲಿಸುವ ಗರಡಿ

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ನಾಡು ನಮ್ಮದು. ಬಿದ್ದದ್ದನ್ನು ಒಪ್ಪಿಕೊಳ್ಳಲು ಪೈಲ್ವಾನನಿಗೆ ನಾಚಿಕೆ. ಜೂಡೊದಲ್ಲಾದರೋ ಮೊದಲ ಪಾಠವೇ ಬೀಳುವುದು. ‘ಉಕೆಮಿ’ ಎಂದು ಅದರ ಹೆಸರು. ಗದ್ದವನ್ನು ಎದೆಗೊತ್ತಿ, ಬೆನ್ನು ದುಂಡಗೆ ಮಾಡಿ, ನೆಲ ತಾಗುವ ಹೊತ್ತಿಗೆ ಸರಿಯಾಗಿ ಅಂಗೈ, ಮುಂದೋಳು ಎರಡನ್ನೂ ಚಾಪೆಗೆ ಛಟೀರನೆ ಬಡಿಯಬೇಕು. ಏಟು ಕೈಗೆ ಹಂಚಿಹೋಗಿ ತಲೆ ಉಳಿಯುತ್ತದೆ. ಇದು ಮೈಗೂಡುವ ತನಕ ಇನ್ನೊಬ್ಬರನ್ನು ಎತ್ತಿ ಒಗೆಯುವ ಮಾತೇ ಇಲ್ಲ.

ಈ ಛಟೀರ್ ಸದ್ದು ದಿನವೂ ಕೇಳುವ ಜಾಗವೊಂದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಸಿಗುವ ತೋರಣಗಲ್ಲು ನಮಗೆ ಉಕ್ಕಿನ ಕಾರ್ಖಾನೆಯ ಊರಾಗಿ, ಅದಿರಿನ ಕೆಂಪು ದೂಳಿನ ಊರಾಗಿ ಗೊತ್ತು. ಅಲ್ಲಿನ ವಿಜಯನಗರ ಟೌನ್‌ಶಿಪ್ಪಿನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಕಟ್ಟಿದ ‘ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್’ 2018ರಲ್ಲಿ ಉದ್ಘಾಟನೆಯಾಯಿತು. ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಜಾಗ ಎಂದರೆ ಕೆಲವರಿಗೆ ಗುರುತು ಹತ್ತೀತು. ಭಾರತದ ಜೂಡೊಗೆ ಮೊದಲ ವಿಶ್ವ ಪಟ್ಟ ತಂದ ಹುಡುಗಿ ಬೆಳೆದದ್ದೂ ಇಲ್ಲೇ ಎಂಬುದು ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಆಕೆ ಲಿಂಥೋಯ್ ಚನಂಬಮ್. ಮಣಿಪುರದ ಮಯಾಂಗ್ ಇಂಫಾಲದವಳು. ತಂದೆಯದು ಮೀನು ಸಾಕಣೆ. ಫುಟ್‌ಬಾಲ್, ಬಾಕ್ಸಿಂಗ್ ಎಲ್ಲದರಲ್ಲೂ ಒಂದು ಕೈ ನೋಡಿ ಕೊನೆಗೆ ಜೂಡೊಗೆ ಅಂಟಿಕೊಂಡಳು. ಅದರಲ್ಲಿ ಆಶ್ಚರ್ಯವೇನಿಲ್ಲ. ಮಣಿಪುರದಲ್ಲಿ ಸೊಂಟದ ಪಟ್ಟಿ ಹಿಡಿದು ಆಡುವ ‘ಮುಕ್ನಾ’ ಕುಸ್ತಿ ತಲೆಮಾರುಗಳಿಂದ ಇದೆ. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಸಲ ಬೆಳ್ಳಿ ಗೆದ್ದ ಸುಶೀಲಾ ದೇವಿಯೂ ಆ ನೆಲದವರೇ. ತೋರಣಗಲ್ಲಿನಲ್ಲಿ ಲಿಂಥೋಯ್‌ಗೆ ಸಿಕ್ಕ ಗುರು ಜಾರ್ಜಿಯಾ ದೇಶದ ಮಮುಕಾ ಕಿಜಿಲಶ್ವಿಲಿ. ಅವರ ದೇಶದಲ್ಲೂ ಅಂಗಿ ಹಿಡಿದು ಉರುಳಿಸುವ ‘ಚಿದಾವೊಬ’ ಎಂಬ ಹಳ್ಳಿಗಾಡಿನ ಕುಸ್ತಿ ಇದೆ. ಮುಕ್ನಾದ ಮಗಳು, ಚಿದಾವೊಬ ನಾಡಿನ ಗುರು, ಗರಡಿಮನೆಗಳ ಬಯಲುಸೀಮೆ! ಯಾರೂ ಲೆಕ್ಕ ಹಾಕಿ ಜೋಡಿಸಿದ್ದಲ್ಲ.

ಕುಸ್ತಿ ಬಲ್ಲವರಿಗೆ ಜೂಡೊ ಅರ್ಥವಾಗುವುದು ಸುಲಭ, ಅಭ್ಯಾಸವಾಗುವುದು ಕಷ್ಟ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಶುರು ಮಾಡಿದ ವಿದ್ಯೆ ಇದು. ಮಣ್ಣಿನ ಬದಲು ಚಾಪೆ, ಲಂಗೋಟಿಯ ಬದಲು ದಪ್ಪ ಅಂಗಿ. ಆ ಅಂಗಿಯೇ ಆಯುಧ. ಕಾಲರು, ತೋಳು ಹಿಡಿದು ಎಳೆದಾಡುವ ಪೈಪೋಟಿಯಲ್ಲೇ ಅರ್ಧ ಪಂದ್ಯ ತೀರ್ಮಾನವಾಗಿಬಿಡುತ್ತದೆ. ಕೈಯಿಂದ ಕಾಲು ಹಿಡಿಯುವಂತಿಲ್ಲ. ನಮ್ಮ ಪೈಲ್ವಾನರು ಅಲ್ಲೇ ಎಡವುವುದು. ಎದುರಾಳಿಯನ್ನು ರಭಸದಿಂದ, ಹತೋಟಿಯಲ್ಲಿಟ್ಟುಕೊಂಡು ಬೆನ್ನ ಮೇಲೆ ಕೆಡವಿದರೆ ‘ಇಪ್ಪನ್’. ಅಂದರೆ ನಮ್ಮ ‘ಚಿತ್’, ಆಟ ಅಲ್ಲಿಗೆ ಮುಗಿಯಿತು. ಅರೆಬರೆ ಬಿದ್ದರೆ ‘ವಾಜಾ-ಆರಿ’, ಅಂಥವೆರಡು ಸೇರಿದರೆ ಇಪ್ಪನ್. ನೆಲಕ್ಕೆ ಅದುಮಿ 20 ಸೆಕೆಂಡು ಹಿಡಿದಿಟ್ಟರೂ ಇಪ್ಪನ್ನೇ. ಇಷ್ಟಕ್ಕೆಲ್ಲ ಇರುವುದು ನಾಲ್ಕು ನಿಮಿಷ. ಸಮಬಲವಾದರೆ ಮಾತ್ರ ಒಬ್ಬರು ಅಂಕ ಪಡೆಯುವ ತನಕ, ಇಲ್ಲವೇ ಮೂರನೇ ಎಚ್ಚರಿಕೆಗೆ ಹೊರಬೀಳುವ ತನಕ ಗುದ್ದಾಟ.

2022ರ ಆಗಸ್ಟ್ 26, ಬೋಸ್ನಿಯಾದ ಸರಾಯೆವೊ. ಹದಿನೆಂಟು ತುಂಬದವರ ವಿಶ್ವ ಕೆಡೆಟ್ ಚಾಂಪಿಯನ್‌ಷಿಪ್‌ನ 57 ಕೆ.ಜಿ. ಫೈನಲ್‌ನಲ್ಲಿ ಲಿಂಥೋಯ್ ಬ್ರೆಜಿಲ್‌ನ ಬಿಯಾಂಕಾ ರೀಸ್‌ರನ್ನು 1–0ರಿಂದ ಸೋಲಿಸಿದಳು. ಯಾವ ವಯೋಮಾನದಲ್ಲೇ ಆಗಲಿ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮೊದಲ ಜೂಡೊ ಪದಕ ಅದು. ಬಂದದ್ದು ನೇರ ಚಿನ್ನವಾಗಿ.

ಅಲ್ಲಿಂದ ಮುಂದಿನ ದಾರಿಯನ್ನು ಪತ್ರಿಕೆಗಳ ಕ್ರೀಡಾಪುಟ ಹಿಂಬಾಲಿಸುವುದು ಕಡಿಮೆ. ಹದಿನಾರರ ಹುಡುಗಿಯ ಮೈ ಬೆಳೆಯುತ್ತದೆ, ತಕ್ಕಡಿ ಮಾತ್ರ ಬೆಳೆಯುವುದಿಲ್ಲ. ಪಂದ್ಯದ ಹಿಂದಿನ ದಿನವೇ ತೂಕ ನೋಡುತ್ತಾರೆ. ಗೆರೆ ದಾಟಿದರೆ ಚಾಪೆ ಹತ್ತುವಂತಿಲ್ಲ. ನೀರು, ಅನ್ನ ಬಿಟ್ಟು ಮೈ ಇಳಿಸಿಕೊಳ್ಳುವುದು ಒಂದು ದಾರಿ. ಮೇಲಿನ ತೂಕಕ್ಕೆ ಹತ್ತುವುದು ಇನ್ನೊಂದು. ಆದರೆ ಅಲ್ಲಿ ಎದುರಾಗುವವರ ಎಲುಬೇ ಬೇರೆ, ಬಲವೇ ಬೇರೆ. ಲಿಂಥೋಯ್ 63 ಕೆ.ಜಿ.ಗೆ ಹತ್ತಿದಳು. 2025ರ ಅಕ್ಟೋಬರ್‌ನಲ್ಲಿ ಪೆರುವಿನ ಲಿಮಾದಲ್ಲಿ ವಿಶ್ವ ಜೂನಿಯರ್ ಕಂಚು ಗೆದ್ದಳು. ಆ ಮಟ್ಟದಲ್ಲೂ ಭಾರತಕ್ಕೆ ಮೊದಲ ಪದಕ ಅದೇ. ನನ್ನ ಕಣ್ಣಿಗೆ ಸರಾಯೆವೊದ ಚಿನ್ನಕ್ಕಿಂತ ಈ ಕಂಚು ಒಂದು ತೂಕ ಹೆಚ್ಚು. ಎಳೆಯರ ಸಾಲಿನಲ್ಲಿ ಮಿಂಚಿ ಮರೆಯಾದವರು ಎಲ್ಲ ಆಟಗಳಲ್ಲೂ ಬೇಕಾದಷ್ಟಿದ್ದಾರೆ. ಹೊಸ ತೂಕ, ಹೊಸ ಎದುರಾಳಿಗಳ ನಡುವೆ ಮತ್ತೆ ಎದ್ದು ನಿಲ್ಲುವವರು ಕಡಿಮೆ.

ಇನ್ನು ಹಿರಿಯರ ಸಾಲು. ಅಲ್ಲಿನ ಲೆಕ್ಕ ಕಹಿಯಾದರೂ ಓದುಗರು ತಿಳಿದಿರಲಿ. ಲಂಡನ್‌ಗೆ ಗರಿಮಾ ಚೌಧರಿ, ರಿಯೊಗೆ ಅವತಾರ್ ಸಿಂಗ್, ಟೋಕಿಯೊಗೆ ಸುಶೀಲಾ ದೇವಿ, ಪ್ಯಾರಿಸ್‌ಗೆ ತೂಲಿಕಾ ಮಾನ್. ನಾಲ್ಕು ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಜೂಡೊ ಪಟುಗಳು ಸಲಕ್ಕೆ ಒಬ್ಬರಂತೆ ನಾಲ್ವರೇ. ನಾಲ್ವರೂ ಸೋತದ್ದು ಮೊದಲ ಪಂದ್ಯದಲ್ಲೇ.