ಓಕ್ ಹಲಗೆಯ ಸುಳ್ಳು ವಿಳಾಸ

ನೆಲಕ್ಕೆ ಹಾಸುವ ಮರದ ಹಲಗೆ ಮಾರುವ ಅಮೆರಿಕದ ದೊಡ್ಡ ಚಿಲ್ಲರೆ ಕಂಪನಿ ಲಂಬರ್ ಲಿಕ್ವಿಡೇಟರ್ಸ್ 2015ರಲ್ಲಿ ಕೋರ್ಟಿನ ಮುಂದೆ ತಪ್ಪೊಪ್ಪಿಕೊಂಡಿತು. ಆಮದು ಕಾಗದದಲ್ಲಿ 'ವೆಲ್ಶ್ ಓಕ್' ಎಂದು ತೋರಿಸಿದ್ದ ಸರಕು ನಿಜಕ್ಕೂ ರಷ್ಯಾದ ಪೂರ್ವ ತುದಿಯ ಮಂಗೋಲಿಯನ್ ಓಕ್. ಆ ಓಕಿನ ಕಾಯಿ ತಿಂದು ಕಾಡುಹಂದಿ ಕೊಬ್ಬುತ್ತದೆ, ಹಂದಿಯನ್ನು ಸೈಬೀರಿಯಾದ ಹುಲಿ ತಿನ್ನುತ್ತದೆ. ಮರ ಉರುಳಿತೆಂದರೆ ಹುಲಿಯ ಊಟಕ್ಕೂ ಕುತ್ತು. ಮರುವರ್ಷ ಕಂಪನಿ ತೆರಬೇಕಾಗಿ ಬಂದದ್ದು 1.3 ಕೋಟಿ ಡಾಲರಿಗೂ ಹೆಚ್ಚು.

ಕಾಗದ ಸುಳ್ಳಾಡಿದರೂ ಮರ ಸುಮ್ಮನಿರುವುದಿಲ್ಲ. ಹಲಗೆಯ ತುದಿಯನ್ನು ಹರಿತವಾದ ಬ್ಲೇಡಿನಿಂದ ಸವರಿ ಭೂತಗನ್ನಡಿ ಹಿಡಿದರೆ ನೀರು ಸಾಗಿಸುತ್ತಿದ್ದ ನಾಳಗಳು ಸಣ್ಣ ರಂಧ್ರಗಳಾಗಿ ಕಾಣುತ್ತವೆ. ಅವುಗಳ ಗಾತ್ರ, ಜೋಡಣೆ ನೋಡಿ ತಜ್ಞರು ಇದು ಓಕ್, ಇದು ತೇಗ ಎನ್ನುತ್ತಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಮರ ಗುರುತಿಸುವ ಕೆಲಸ ನಡೆಯುತ್ತದೆ. ಆದರೆ ಯಾವ ಓಕ್ ಎಂಬ ಪ್ರಶ್ನೆಗೆ ಭೂತಗನ್ನಡಿ ಸಾಲದು, ಡಿಎನ್‌ಎ ಬೇಕು. ಒಣಗಿಸಿ, ಕಾಯಿಸಿ, ಅಂಟು ಬಳಿದ ಹಲಗೆಯಲ್ಲಿ ಅದೂ ಚೂರುಚೂರಾಗಿರುತ್ತದೆ.

ಮರ ಯಾವ ಊರಿನದೆಂದು ಹೇಳುವುದು ಮಳೆ. ನೀರಿನ ಆಮ್ಲಜನಕದಲ್ಲಿ ಹಗುರವಾದದ್ದೂ ಉಂಟು, ಭಾರದ್ದೂ ಉಂಟು. ಮೋಡ ಕಡಲಿನಿಂದ ಒಳನಾಡಿಗೆ ಸಾಗಿದಂತೆ ಭಾರದ್ದು ಮೊದಲು ಸುರಿದುಹೋಗುತ್ತದೆ. ಆಯಾ ಪ್ರದೇಶದ ಮಳೆನೀರಿನ ಈ ಪ್ರಮಾಣದ ಗುರುತು ಬೇರಿನಿಂದೇರಿ ಮರದ ನಾರಿನಲ್ಲಿ ಉಳಿಯುತ್ತದೆ. ಹೋಲಿಸಿ ನೋಡಲು ಆಯಾ ಕಾಡಿನ ಮಾದರಿಗಳು ಕೈಯಲ್ಲಿರಬೇಕು, ಅಷ್ಟೇ. ಆ 'ಅಷ್ಟೇ' ಬಲು ದೊಡ್ಡ ಕೆಲಸ.

ಇಷ್ಟಾದರೂ ಮರ ಕಡಿಯುವ ಪರವಾನಗಿಯ ಮೋಸ ಯಾವ ಲ್ಯಾಬಿಗೂ ಸಿಗದು. ಲಂಬರ್ ಲಿಕ್ವಿಡೇಟರ್ಸ್ ಪ್ರಕರಣದಲ್ಲಿ ಒಂದೇ ಪರವಾನಗಿಯನ್ನು ಮತ್ತೆ ಮತ್ತೆ ಬಳಸಲಾಗಿತ್ತು. ಈ ಒಂದು ಕಂಪನಿ ತರಿಸಿಕೊಂಡ ಓಕ್ ಮರವೇ ಕಡಿಯಲು ಅನುಮತಿಯಿದ್ದ ಪ್ರಮಾಣವನ್ನು ಶೇ. 800ಕ್ಕಿಂತ ಹೆಚ್ಚು ಮೀರಿತ್ತು. ಸಕ್ರಮವಾಗಿ ಕಡಿದ ಮರಕ್ಕೂ ಕದ್ದು ಕಡಿದದ್ದಕ್ಕೂ ನಾರು ಒಂದೇ. ಇಲ್ಲಿ ಬೇಕಾದದ್ದು ಲೆಕ್ಕ: ಕಾಡಿನಿಂದ ಎಷ್ಟು ಹೊರಟಿತು, ಸಾಮಿಲ್ಲಿಗೆ ಎಷ್ಟು ಬಂತು, ಅಂಗಡಿಗೆ ಎಷ್ಟು ಹೋಯಿತು.

ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನ ಮರವೆಂದು ಸಾರುವ ಎಫ್‌ಎಸ್‌ಸಿ ಮುದ್ರೆಯ ಹಿಂದಿರುವುದು ಈ ಬಗೆಯ ಲೆಕ್ಕವೇ. ಮುದ್ರೆ ಕಂಡೊಡನೆ ಖುಷಿಪಡದೆ ಅದರಲ್ಲಿರುವ ಪದವನ್ನೂ ಓದಬೇಕು. '100%' ಎಂದಿದ್ದರೆ ಪೂರ್ತಿ ಪ್ರಮಾಣೀಕೃತ ಕಾಡಿನದು. 'ಮಿಕ್ಸ್' ಎಂದಿದ್ದರೆ ಪ್ರಮಾಣಪತ್ರವಿಲ್ಲದ ಕಾಡಿನ, ಕನಿಷ್ಠ ತಪಾಸಣೆಯಷ್ಟೇ ದಾಟಿದ ಮರವೂ ಬೆರೆತಿರಬಹುದು. ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಮೊಬೈಲಿನಲ್ಲೇ ಹುಡುಕಿ ನೋಡಬಹುದು. ಅದು ಇನ್ನೂ ಚಾಲ್ತಿಯಲ್ಲಿದೆಯೇ, ಯಾರ ಹೆಸರಿನಲ್ಲಿದೆ ಎಂಬುದು ಬಿಲ್ ಹಾಕಿಸುವ ಮೊದಲೇ ತಿಳಿಯುತ್ತದೆ.